ಪುಸ್ತಕದಲ್ಲಿ ಇಲ್ಲದ ಕಾಲು

ಹೋದ ತಿಂಗಳು ಕೋಲಾರದ ಒಂದು ನರ್ಸಿಂಗ್ ಹೋಮಿನಲ್ಲಿ ನಮ್ಮ ಭಾವನವರ ಆಪರೇಷನ್ ಗಾಯಕ್ಕೆ ಪಟ್ಟಿ ಬದಲಿಸುತ್ತಿದ್ದರು. ಚಿಕ್ಕ ವಯಸ್ಸಿನ ನರ್ಸ್ ಬೆಳ್ಳಿ ಬಣ್ಣದ ಪೊಟ್ಟಣವೊಂದನ್ನು ಹರಿದಳು. ಹೊಸ ರಬ್ಬರು, ಸ್ಪಿರಿಟ್ಟು, ಅದರ ಹಿಂದೆ ಸಣ್ಣಗೆ ಗಂಜಿಯಂಥ ಒಂದು ವಾಸನೆ. ತಲೆದಿಂಬು ಸರಿ ಮಾಡುತ್ತಿದ್ದ ನಾನು ಅದನ್ನು ಹಾಗೇ ಬಿಟ್ಟು ಹೊರಗೆ ಬಂದೆ. ಅಕ್ಕ ಹಿಂದೆಯೇ ಬಂದು, "ಏನೇ ಇದು, ಇಷ್ಟು ವರ್ಷ ನರ್ಸ್ ಕೆಲಸ ಮಾಡಿದೋಳು, ಗಾಯ ನೋಡಿ ತಲೆ ತಿರುಗ್ತಾ?" ಎಂದು ನಕ್ಕಳು. ಗಾಯವಲ್ಲ, ಆ ಪೊಟ್ಟಣ ಎಂದು ಅವಳಿಗೆ ಹೇಳಲಿಲ್ಲ. ಹೇಳಲು ಹೊರಟರೆ ಶ್ರೀನಿವಾಸಪುರದ ಒಂದು ಇಡೀ ಮಾವಿನ ಕಾಲವನ್ನು ಹೇಳಬೇಕಾಗುತ್ತಿತ್ತು.

ನಾನು ಹುಟ್ಟಿದ್ದು ಹೋಳೂರು, ಕೊಟ್ಟಿದ್ದು ಶ್ರೀನಿವಾಸಪುರಕ್ಕೆ. ಅಲ್ಲಿ ಹತ್ತು ಹನ್ನೆರಡು ಹಾಸಿಗೆಯ ಸಣ್ಣ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದೆ. ಮಧ್ಯಾಹ್ನ ಊಟವಾಗಿ ರೋಗಿಗಳು ಕಡಿಮೆಯಾದ ಮೇಲೆ ನಾವು ನರ್ಸುಗಳೂ ಆಯಾನೂ ಬೆಂಚಿನ ಮೇಲೆ ಕೂತು ಗಾಜ್ ಬಟ್ಟೆ ಕತ್ತರಿಸಿ, ಮಡಚಿ, ಡ್ರಮ್ಮಿಗೆ ತುಂಬಿ ಆವಿಗೆ ಇಡುತ್ತಿದ್ದೆವು. ಯಾರ ಮನೆಯಲ್ಲಿ ಏನು, ಯಾರ ಸೊಸೆ ತವರಿಗೆ ಹೋದಳು ಎನ್ನುವುದೆಲ್ಲ ಆ ಬೆಂಚಿನ ಮೇಲೆಯೇ ತೀರ್ಮಾನವಾಗುತ್ತಿತ್ತು. ಆ ವರ್ಷ ಮಾವು ಹೂ ಬಿಡುವ ಹೊತ್ತಿಗೆ ಕಂಪನಿ ಬಂತು. ಅದರ ಹೆಸರು ಇಲ್ಲಿ ಬೇಡ. ಸಿರಿಂಜಿನಿಂದ ಹಿಡಿದು ಆಪರೇಷನ್ ಮೇಜಿನವರೆಗೆ ಎಲ್ಲವನ್ನೂ ಮಾರುವ ದೊಡ್ಡ ಕಂಪನಿ, ವೇಮಗಲ್ ಕಡೆ ಅದಕ್ಕೊಂದು ಗೋದಾಮು. ಮೊದಲು ಕೈಗವಸು ಬಂದವು, ಆಮೇಲೆ ಬಿ.ಪಿ. ನೋಡುವ ಯಂತ್ರ, ಗೋಡೆ ಗಡಿಯಾರ, ಡಾಕ್ಟರ ಕೋಣೆಗೆ ತಿರುಗುವ ಕುರ್ಚಿ. ಎಲ್ಲವೂ ಪುಕ್ಕಟೆ. ನಾವು ಹಲ್ಲು ಕಿರಿದುಕೊಂಡು ಒಳಗೆ ಸಾಗಿಸಿದೆವು. ಎರಡೇ ತಿಂಗಳಲ್ಲಿ ಗಾಜ್ ತರಿಸುವುದು ನಿಂತಿತು, ನಮ್ಮ ಡ್ರಮ್ಮು ಮೂಲೆ ಸೇರಿತು, ಆಯಾ ಅದರ ಮೇಲೆ ನೆಲ ಒರೆಸುವ ಬಟ್ಟೆ ಒಣಗಲು ಹಾಕತೊಡಗಿದಳು. ಎಂಥ ಗಾಯಕ್ಕೂ ಕಂಪನಿಯ ಬೆಳ್ಳಿ ಬಣ್ಣದ ಪೊಟ್ಟಣವೇ. ಪುಕ್ಕಟೆ ಸರಕು ಮುಗಿದ ಮೇಲೆ ಅದೇ ಪೊಟ್ಟಣ ಸದ್ದಿಲ್ಲದೆ ರೋಗಿಯ ಬಿಲ್ಲಿಗೆ ಹತ್ತಿತು. ಮಡಚುವ ಕೆಲಸ ತಪ್ಪಿತಲ್ಲ ಎಂದು ನಾವು ಖುಷಿಯಾಗಿದ್ದೆವು.

ಕಂಪನಿಯ ಪರವಾಗಿ ಬರುತ್ತಿದ್ದವರು ಹರೀಶ್. ಮಾಲೂರಿನವರು, ನಮ್ಮ ಹಾಗೆಯೇ ಕನ್ನಡದೊಳಗೆ ತೆಲುಗು ಸೇರಿಸಿ ಮಾತಾಡುವವರು, ಟೈ ಕಟ್ಟಿದ್ದರೂ ಆಯಾಳ ಜೊತೆ ನಿಂತು ಟೀ ಕುಡಿಯುವವರು. ಒಂದು ದಿನ ನನ್ನನ್ನು ಕೂರಿಸಿಕೊಂಡು ಹೇಳಿದರು:

"ಶೋಭಾ ಸಿಸ್ಟರ್, ಸಕ್ಕರೆ ಕಾಯಿಲೆಯೋರ ಕಾಲಿನ ಗಾಯಕ್ಕೆ ಹೊಸ ಪಟ್ಟಿ ಬಂದಿದೆ. ಒಂದು ಸಲ ಅಂಟಿಸಿದ್ರೆ ಏಳು ದಿನ ಬಿಚ್ಚೋ ಹಾಗಿಲ್ಲ. ದಿನಾ ಡ್ರೆಸ್ಸಿಂಗಿಗೆ ಬಾ ಅಂದ್ರೆ ಕೂಲಿ ಬಿಟ್ಟು ಯಾರು ಬರ್ತಾರೆ ಹೇಳಿ? ಅದನ್ನ ನಮ್ಮ ಜನರಲ್ಲೇ ಅಧ್ಯಯನ ಮಾಡ್ತಿದೀವಿ. ನೀವು ಮನೆಮನೆಗೆ ಹೋಗಿ ಹಾಕಿ, ನೋಡಿ, ಬರೆದುಕೊಂಡು ಬರಬೇಕು. ನಾನೂ ಈ ಕಡೆಯೋನೇ ಅಲ್ವಾ, ನಮ್ಮೋರಿಗೆ ಕೆಟ್ಟದ್ದು ತರ್ತೀನಾ?"

ನಾನು ನಂಬಿದೆ. ನಂಬಲು ಕಾರಣವಿತ್ತು: ಕೂಲಿಯ ಮಾತು ಸುಳ್ಳಲ್ಲ. ಡ್ರೆಸ್ಸಿಂಗಿಗೆ ಎರಡು ದಿನ ಬಂದು, ಮೂರನೆಯ ದಿನ ತೋಟಕ್ಕೆ ಹೋಗಿ, ತಿಂಗಳ ಮೇಲೆ ಬೆರಳು ಕಪ್ಪಾಗಿ ತಿರುಗಿ ಬಂದವರನ್ನು ನಾನೇ ನೋಡಿದ್ದೆ. ಒಂದು ಮಾವಿನ ಕಾಲ ಮುಗಿಯುವ ತನಕ ಎಂದು ಡಾಕ್ಟರಿಗೆ ಹೇಳಿ ಕಂಪನಿಯ ಕೆಲಸಕ್ಕೆ ಸೇರಿದೆ. ಒಂದು ಚೀಲ, ಒಂದು ಫೋನು, ಕೊರಳಿಗೆ ಒಂದು ಗುರುತಿನ ಚೀಟಿ ಕೊಟ್ಟರು. ಅದನ್ನು ಹಾಕಿಕೊಂಡು ಬಸ್ಸು ಹತ್ತಿದಾಗ ನನಗೂ ಸ್ವಲ್ಪ ಜಂಬ ಬಂದಿತ್ತು.

ಮೊದಲ ವಾರವೇ ತಲೆನೋವು ಶುರುವಾಯಿತು. ಪಟ್ಟಿ ಹಾಕಿ ಬಂದ ಮಾರನೆಯ ದಿನವೇ ಜನ ಅದನ್ನು ಕಿತ್ತು ನೋಡುತ್ತಿದ್ದರು. ಒಳಗೇನಾಗಿದೆ ಎಂಬ ಕುತೂಹಲ, ಇಲ್ಲವೇ ತುರಿಕೆ. ಮುದ್ರಿಸಿದ ಸೂಚನೆ ಓದಿ ಹೇಳಿದರೆ ಹೂಂ ಅನ್ನುತ್ತಿದ್ದರು, ಕೀಳುತ್ತಿದ್ದರು. ಆಗ ನನಗೊಂದು ಉಪಾಯ ಹೊಳೆಯಿತು. ನಮ್ಮ ಕಡೆ ಮೂಳೆ ಮುರಿದರೆ ನಾಟಿ ಕಟ್ಟು ಹಾಕಿಸುತ್ತಾರೆ. ಹಾಗೆ ಹಾಕಿದ ಕಟ್ಟನ್ನು, ಕಾಲು ಬೀಗಿ ಪ್ರಾಣ ಹೋಗುವ ಹಾಗಿದ್ದರೂ, ಮನೆಯವರು ಮುಟ್ಟುವುದಿಲ್ಲ. ಕಟ್ಟಿದವರೇ ಬಂದು ಬಿಚ್ಚಬೇಕು, ಬೇರೆ ಕೈ ತಾಗಿದರೆ ಗುಣ ಹೋಗುತ್ತದೆ ಎಂಬ ನಂಬಿಕೆ. ನಾನು ಅದನ್ನೇ ಹಿಡಿದುಕೊಂಡೆ. "ಇದೂ ನಾಟಿ ಕಟ್ಟಿನ ಹಾಗೇ. ನಾನು ಕಟ್ಟಿದ್ದೀನಿ, ನಾನೇ ಬಂದು ಬಿಚ್ಚಬೇಕು. ಬೇರೆ ಯಾರೂ ಮುಟ್ಟಬಾರದು" ಎಂದು ಹೇಳತೊಡಗಿದೆ. ಅಂದಿನಿಂದ ಒಂದೇ ಒಂದು ಪಟ್ಟಿ ಕಿತ್ತು ಬರಲಿಲ್ಲ. ಹರೀಶ್ ಕುಣಿದಾಡಿಬಿಟ್ಟರು. ಮುಳಬಾಗಿಲು, ಮಾಲೂರು ಕಡೆ ಇದೇ ಕೆಲಸ ಮಾಡುತ್ತಿದ್ದವರನ್ನೆಲ್ಲ ಕರೆಸಿ, ನನ್ನನ್ನು ಮುಂದೆ ನಿಲ್ಲಿಸಿ, ಆ ಮಾತನ್ನು ಹೇಳಿಸಿದರು. ಬೋರ್ಡಿನ ಮೇಲೆ ಬರೆಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಗಂಗುಲಮ್ಮ ಸಿಕ್ಕಿದ್ದು ಮಾವಿನ ಮಂಡಿಯಲ್ಲಿ. ಅರವತ್ತು ದಾಟಿದ ಹೆಂಗಸು. ಮುಳಬಾಗಿಲು ರಸ್ತೆಯ ಒಂದು ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದು ದಿನವಿಡೀ ಕಾಯಿ ವಿಂಗಡಿಸುವವರು. ಬಾದಾಮಿ ಒಂದು ಕಡೆ, ರಸಪುರಿ ಒಂದು ಕಡೆ, ಪೆಟ್ಟಾದದ್ದು ಇನ್ನೊಂದು ಕಡೆ. ಕಾಯನ್ನು ಕೈಗೆತ್ತಿ ಮೂಗಿನ ಹತ್ತಿರ ತಂದು, ಮೇಲೆ ಒಂದು ಕಲೆಯೂ ಇಲ್ಲದ್ದನ್ನು ಪಕ್ಕಕ್ಕೆ ಎಸೆಯುತ್ತಿದ್ದರು. ಕೊಯ್ದು ನೋಡಿದರೆ ಒಳಗೆ ಕೆಟ್ಟಿರುತ್ತಿತ್ತು. ಅವರ ಮಾತನ್ನು ಮಂಡಿಯ ಮಾಲೀಕರೂ ಎದುರಾಡುತ್ತಿರಲಿಲ್ಲ. ಕ್ರೇಟಿನ ಮೊಳೆಯೊಂದು ಅವರ ಬಲಗಾಲಿನ ಅಡಿಗೆ ಚುಚ್ಚಿತ್ತು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿದ್ದರಿಂದ ಚುಚ್ಚಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ನೆಲದ ಮೇಲೆ ರಕ್ತ ಕಂಡು ಯಾರದ್ದಪ್ಪಾ ಇದು ಎಂದು ಸುತ್ತ ಹುಡುಕಿದ್ದರಂತೆ.

ನಾನು ಒಪ್ಪಿಗೆಯ ಕಾಗದ ತೆಗೆದೆ. ಅವರು ಅದನ್ನು ನೋಡಲೇ ಇಲ್ಲ, ನನ್ನ ಮುಖ ನೋಡಿದರು.

"ಏಮಮ್ಮಾ, ಯಾವೂರು ನಿಂದು?"

"ಹೋಳೂರು."

"ಹೋಳೂರಾ! ನಮ್ಮ ದೊಡ್ಡತ್ತೇನ ಕೊಟ್ಟಿದ್ದೂ ಅಲ್ಲೇ ಕಣಮ್ಮ. ಹಂಗಾದ್ರೆ ನಮ್ಮ ಹುಡುಗೀನೇ ನೀನು. ಎಲ್ಲಿ ಒತ್ತಬೇಕು ಹೇಳು."

"ತಾಳಿ ಅಮ್ಮ, ಓದಿ ಹೇಳ್ತೀನಿ."

"ನೀನು ಓದಿದ್ದೀಯಲ್ಲ, ಸಾಕು ಬಿಡು."

ಆ ಕಾಗದದಲ್ಲಿ ಏಳು ದಿನ ಎಂದು ಸ್ಪಷ್ಟವಾಗಿ ಬರೆದಿತ್ತು. ತೊಂದರೆಯಾದರೆ ಕಂಪನಿಯೇ ನೋಡಿಕೊಳ್ಳುತ್ತದೆ ಎಂದೂ ಬರೆದಿತ್ತು. ಹೆಬ್ಬೆಟ್ಟು ಒತ್ತಿಸಿ, ಗಾಯ ತೊಳೆದು, ಮೊದಲ ಪಟ್ಟಿ ಹಾಕಿದೆ.

ಮೊದಲೆರಡು ವಾರ ಚೆನ್ನಾಗಿಯೇ ಇತ್ತು. ಆ ಪಟ್ಟಿಯಿಂದ ವಾಸಿಯಾದವರೂ ನನ್ನ ಪಾಲಿನ ಜನರಲ್ಲಿ ಇದ್ದರು, ಅದನ್ನು ಇಲ್ಲವೆನ್ನಲಾರೆ. ಆದರೆ ಅವರೆಲ್ಲ ನೆರಳಲ್ಲಿ ಕೂತು ಮಾಡುವ ಕೆಲಸದವರು. ಗಂಗುಲಮ್ಮ ನಿಲ್ಲುತ್ತಿದ್ದದ್ದು ಒದ್ದೆ ನೆಲದಲ್ಲಿ, ಬೇಸಿಗೆಯ ಬೆವರಿನಲ್ಲಿ, ಮಾವಿನ ಸೊನೆ ತೊಳೆದ ನೀರಿನಲ್ಲಿ. ಅದನ್ನು ಬರೆಯಲು ಕಂಪನಿಯ ಫೋನಿನಲ್ಲಿ ಜಾಗವಿರಲಿಲ್ಲ. ಅಲ್ಲಿ ಇದ್ದದ್ದು ನಗುವ ಮುಖದಿಂದ ಅಳುವ ಮುಖದವರೆಗೆ ಒಂದು ಸಾಲು ಚಿತ್ರ. ನೋವಿದೆಯೇ ಎಂದು ಕೇಳಬೇಕು, ಒಂದು ಮುಖ ಒತ್ತಬೇಕು. ಜೋಮು ಹಿಡಿದ ಕಾಲಿಗೆ ನೋವೆಲ್ಲಿಂದ ಬರಬೇಕು? ವಾರ ವಾರವೂ ನಾನು ನಗುವ ಮುಖ ಒತ್ತಿದೆ.

ಮೂರನೆಯ ಪಟ್ಟಿ ಬಿಚ್ಚುವ ದಿನ ಅವರು ಹೇಳಿದರು, "ನೋವೇನೂ ಇಲ್ಲ ತಲ್ಲೀ. ವಾಸನೆ ಬರ್ತೈತೆ. ಕಾಯಿ ಮೇಲೆ ಚೆನ್ನಾಗಿದ್ದು ಒಳಗೆ ಕೆಟ್ಟಿದ್ರೆ ಬರ್ತದಲ್ಲ, ಅಂಥದ್ದು."

ಬಿಚ್ಚಿ ನೋಡಿದೆ. ಗಾಯದ ಅಂಚು ನೀರಿನಲ್ಲಿ ನೆನೆದಂತೆ ಬೆಳ್ಳಗಾಗಿತ್ತು. ಫೋನಿನ ಜೊತೆ ಒಂದು ಕಾಗದದ ಫಾರಮ್ಮೂ ಇರುತ್ತಿತ್ತು. ಅದರ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ, ವಾಸನೆ ಇದೆ ಎನ್ನುತ್ತಾರೆ, ಕೆಲಸದಲ್ಲಿ ಕಾಲು ಒದ್ದೆಯಾಗುತ್ತದೆ, ಡಾಕ್ಟರು ನೋಡಬೇಕು ಎಂದು ಬರೆದೆ. ಹರೀಶರಿಗೆ ಫೋನಿನಲ್ಲೂ ಹೇಳಿದೆ.

"ಒಳಗಿನ ಔಷಧಿ ಕರಗಿದಾಗ ಆ ವಾಸನೆ ಬರೋದೇ ಸಿಸ್ಟರ್. ನೀವು ಬರೆದಿದ್ದೀರಲ್ಲ, ಮೇಲಿನ ಡಾಕ್ಟರು ಒಂದೊಂದು ಅಕ್ಷರಾನೂ ನೋಡ್ತಾರೆ. ನೀವು ಹೊಸ ಪಟ್ಟಿ ಹಾಕಿ ಬನ್ನಿ" ಎಂದರು.

ಹಾಕಿ ಬಂದೆ. ಬರುವಾಗ ಎಂದಿನಂತೆ, ನಾನೇ ಬಂದು ಬಿಚ್ಚುತ್ತೇನೆ ಎಂದೂ ಹೇಳಿದೆ.

ಅದಾದ ನಾಲ್ಕನೆಯ ದಿನ ನಮ್ಮನ್ನೆಲ್ಲ ತರಬೇತಿ ಎಂದು ವೇಮಗಲ್ಲಿಗೆ ಕರೆಸಿದರು. ಗೋದಾಮಿನ ಪಕ್ಕದ ತಣ್ಣನೆಯ ಕೋಣೆಯಲ್ಲಿ ಮೂರು ದಿನ ಕೂರಿಸಿ, ಫೋನಿನಲ್ಲಿ ಬೇಗ ಬೇಗ ತುಂಬುವುದು ಹೇಗೆ ಎಂದು ಹೇಳಿಕೊಟ್ಟರು. ಇನ್ನು ಮೇಲೆ ಕಾಗದದ ಫಾರಂ ಇಲ್ಲ ಎಂದರು. ತರಬೇತಿ ಮುಗಿದು ಊರಿಗೆ ಹೊರಡುವಾಗ, ಮುಳಬಾಗಿಲು ಕಡೆಯ ಹುಡುಗಿ ಕೆಲಸ ಬಿಟ್ಟಿದ್ದಾಳೆ, ನೀವು ಕುರುಡುಮಲೆ ಸುತ್ತಿನ ಹಳ್ಳಿಗಳಲ್ಲಿ ಹೊಸಬರನ್ನು ಸೇರಿಸಿ ಬನ್ನಿ ಎಂದು ಹರೀಶ್ ನನ್ನನ್ನು ಅತ್ತ ಕಳಿಸಿದರು. ಅಲ್ಲಿ ಊರಿಂದೂರಿಗೆ ಓಡಾಡುತ್ತಿದ್ದಾಗ ಗಂಗುಲಮ್ಮನ ಸೊಸೆ ಲಕ್ಷ್ಮಿಯ ಫೋನು ಬಂತು. ಪಟ್ಟಿ ಹಾಕಿ ಒಂಬತ್ತನೆಯ ದಿನ.

"ಸಿಸ್ಟರಮ್ಮ, ಮನೆಯೊಳಗೆ ಕೂರಕ್ಕಾಗ್ತಿಲ್ಲ, ಅಂಥಾ ವಾಸನೆ. ಸರ್ಕಾರಿ ಆಸ್ಪತ್ರೆ ಸಿಸ್ಟರು ಮನೆಗೇ ಬಂದಿದ್ರು. ನಮ್ಮತ್ತೆ ಮುಟ್ಟಿಸಿಕೊಳ್ಳಲಿಲ್ಲ. ಕಟ್ಟಿದೋಳು ಬರ್ತಾಳೆ ಅಂತ ಕೂತವ್ರೆ. ನಾನು ಬಿಚ್ಚಿಬಿಡ್ಲಾ?"

ಆ ದಿನ ಕೆಲಸ ನೋಡಲು ಬಂದಿದ್ದ ಹರೀಶ್ ಪಕ್ಕದಲ್ಲೇ ಜೀಪಿನ ಹತ್ತಿರ ನಿಂತಿದ್ದರು. ಕೇಳಿದೆ. "ಬೇಡ ಬೇಡ, ತೆರೆದ್ರೆ ಸೋಂಕಾಗ್ತದೆ. ಏಳು ಅನ್ನೋದು ಜಾಗ್ರತೆಗೆ ಬರೆದಿದ್ದು, ಹತ್ತು ದಿನಾನೂ ತಡೀತದೆ ಅದು. ನಾಳಿದ್ದು ನೀವೇ ಹೋಗೋರಂತೆ" ಎಂದರು.

ನಾನು ಫೋನಿಗೆ ಹೇಳಿದೆ: "ಬಿಚ್ಚಬೇಡಮ್ಮ. ನಾನು ಬರ್ತೀನಿ."

ವಾಸನೆ ಎಂದರೇನು ಎಂದು ತಿಳಿಯದ ಹುಡುಗಿಯಲ್ಲ ನಾನು. ಎಂಟು ವರ್ಷ ಗಾಯ ತೊಳೆದವಳು. ನಮ್ಮ ಆಸ್ಪತ್ರೆಯ ಬೆಂಚಿನಲ್ಲಿ ಯಾರಾದರೂ ಹಾಗೆ ಹೇಳಿದ್ದರೆ ಊಟ ಬಿಟ್ಟು ಎದ್ದು ಹೋಗುತ್ತಿದ್ದೆ. ಆ ದಿನ ಯಾಕೆ ಹೋಗಲಿಲ್ಲ ಎಂದು ಎಷ್ಟು ಸಲ ಕೇಳಿಕೊಂಡಿದ್ದೇನೋ. ಕೊರಳಲ್ಲಿ ಚೀಟಿ ಇತ್ತು, ಮೇಲೆ ಯಾರೋ ದೊಡ್ಡ ಡಾಕ್ಟರುಗಳು ಒಂದೊಂದು ಅಕ್ಷರ ನೋಡುತ್ತಿದ್ದಾರೆ ಎಂಬ ಧೈರ್ಯವಿತ್ತು. ಅಷ್ಟೇ ಸಿಗುವ ಉತ್ತರ.

ಹನ್ನೊಂದನೆಯ ದಿನ ಹೋದೆ. ಮುಂಗಾರಿನ ಮೊದಲ ಮಳೆ ಬಿದ್ದಿತ್ತು, ತೋತಾಪುರಿ ತುಂಬಿದ ಲಾರಿಗಳು ಆಂಧ್ರದ ತಿರುಳು ಫ್ಯಾಕ್ಟರಿಗಳ ಕಡೆ ಸಾಲಾಗಿ ಹೋಗುತ್ತಿದ್ದವು. ಗಂಗುಲಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ಜ್ವರದಲ್ಲಿ ಕಣ್ಣು ಕೆಂಪಾಗಿತ್ತು. "ಬಂದ್ಯಾ ತಲ್ಲೀ? ನೋಡು, ಒಬ್ಬರ ಕೈಗೂ ಕೊಟ್ಟಿಲ್ಲ" ಎಂದರು, ಏನೋ ಗೆದ್ದವರ ಹಾಗೆ. ನಾನು ಪಟ್ಟಿ ಎಳೆದೆ. ಪಾದದ ಅರ್ಧ ಚರ್ಮ ಅದರ ಜೊತೆಯೇ ಬಂತು. ಒಳಗಿನ ಕಪ್ಪು ಹಿಮ್ಮಡಿಯವರೆಗೆ ಹೋಗಿತ್ತು. ಲಕ್ಷ್ಮಿ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆ ಕಡೆ ತಿರುಗಿದಳು.

ಆಟೋದಲ್ಲಿ ಶ್ರೀನಿವಾಸಪುರ, ಅಲ್ಲಿಂದ ಕೋಲಾರ. ಮೊಣಕಾಲಿನ ಕೆಳಗೆ ತೆಗೆಯದಿದ್ದರೆ ಜೀವ ಉಳಿಯುವುದಿಲ್ಲ ಎಂದರು ಅಲ್ಲಿನ ಡಾಕ್ಟರು. ನಾನು ಫೋನು ಮಾಡಿದ ಒಂದು ಗಂಟೆಯೊಳಗೆ ಹರೀಶ್ ಬಂದರು. ನನಗೆ ಸಮಾಧಾನವೇ ಆಯಿತು, ಕಂಪನಿಯವರು ಬಂದರಲ್ಲ ಎಂದು. ಅವರ ಕೈಯಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಹಾಳೆ ಇತ್ತು.

"ಬೇರೆ ಆಸ್ಪತ್ರೆ ಸೇರಿದ ಮೇಲೆ ನಮ್ಮ ಕಡೆಯಿಂದ ಬಿಡುಗಡೆ ಕಾಗದ ಬೇಕು ಸಿಸ್ಟರ್. ಇಲ್ಲಾಂದ್ರೆ ಇಲ್ಲಿ ಚಿಕಿತ್ಸೆಗೆ ಅಡ್ಡಿ ಆಗ್ತದೆ. ಬೇಗ ಒಂದು ಹೆಬ್ಬೆಟ್ಟು ಹಾಕಿಸಿ. ಸಾಕ್ಷಿಗೆ ನೀವು ಸಹಿ ಮಾಡಿ, ಟೈಮೂ ಬರೀರಿ."

ನನಗೆ ಇಂಗ್ಲಿಷು ಬರುತ್ತದೆ. ಮೇಲಿನ ಒಂದು ಸಾಲು ಓದಿದೆ, ಉಳಿದದ್ದು ಓದಲಿಲ್ಲ. ಥಿಯೇಟರಿಗೆ ತಳ್ಳಿಕೊಂಡು ಹೋಗುವ ಮೊದಲು ಗಂಗುಲಮ್ಮನ ಕೈ ಹಿಡಿದೆ. ಅವರು ಕಣ್ಣು ಬಿಟ್ಟು ನೋಡಿ, "ನೀನು ತಂದಿದ್ದಲ್ವಾ, ಒತ್ತಿಸ್ಕೋ" ಎಂದರು. ಒತ್ತಿಸಿದೆ, ಕೆಳಗೆ ಸಹಿ ಮಾಡಿ ಟೈಮೂ ಬರೆದೆ.

ಎಲ್ಲಕ್ಕಿಂತ ಕೊನೆಗೆ ಬರುವ ನೀಲಂ ಕಾಯಿಯೂ ಮುಗಿದು ಮಂಡಿಗಳು ಖಾಲಿಯಾದ ಮೇಲೆ ನಮ್ಮನ್ನು ಕೋಲಾರದ ಒಂದು ಹೋಟೆಲಿನಲ್ಲಿ ಸೇರಿಸಿ ಊಟ ಹಾಕಿಸಿದರು. ಪ್ರತಿಯೊಬ್ಬರಿಗೂ ಒಂದು ನುಣುಪು ಕಾಗದದ ಪುಸ್ತಕ. ಅಧ್ಯಯನದ ಫಲ. ಈ ಸಲ ಪೂರ್ತಿ ಓದಿದೆ. ಪಟ್ಟಿಯನ್ನು ಹತ್ತು ದಿನದವರೆಗೆ ಬಿಚ್ಚಬೇಕಿಲ್ಲ ಎಂದಿತ್ತು. ನೋವಿಲ್ಲ ಎಂದಿತ್ತು. ಅಧ್ಯಯನ ಮುಗಿಸಿದವರಲ್ಲಿ ಯಾರಿಗೂ ದೊಡ್ಡ ತೊಂದರೆ ಆಗಿಲ್ಲ ಎಂದಿತ್ತು. ಎಲ್ಲಕ್ಕಿಂತ ಕೆಳಗೆ, ಇರುವೆ ಗಾತ್ರದ ಅಕ್ಷರದಲ್ಲಿ, ಸ್ವಂತ ಇಚ್ಛೆಯಿಂದ ಮಧ್ಯದಲ್ಲಿ ಬಿಟ್ಟವರನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂದಿತ್ತು. ಊಟದ ತಟ್ಟೆ ಬಿಟ್ಟು ಹರೀಶರ ಹತ್ತಿರ ಹೋದೆ.

"ಹತ್ತು ದಿನ ಎಲ್ಲಿಂದ ಬಂತು ಸರ್? ನಾವು ಜನಕ್ಕೆ ಹೇಳಿದ್ದು ಏಳು."

"ಫೀಲ್ಡಲ್ಲಿ ಕೆಲವು ಕಡೆ ನೀವು ಹೋಗೋದು ತಡ ಆಯ್ತಲ್ಲ. ಆ ಮಾಹಿತೀನೂ ಉಪಯೋಗಕ್ಕೆ ಬಂತು."

"ತಡ ಆಗಿದ್ದು ನೀವು ಕರೆಸಿದ್ದಕ್ಕೆ."

ಅವರು ಪಲ್ಯ ಹಾಕಿಸಿಕೊಳ್ಳುತ್ತಿದ್ದರು. 

"ಗಂಗುಲಮ್ಮನ ಕಾಲು ಇದರಲ್ಲಿ ಎಲ್ಲಿದೆ?"

"ಅವರು ಅಧ್ಯಯನ ಬಿಟ್ಟ ಮೇಲೆ ಕಾಲು ತೆಗೆದಿದ್ದು ಸಿಸ್ಟರ್. ಸ್ವಂತ ಇಷ್ಟದಿಂದ ಅಂತ ಆ ಬಿಡುಗಡೆ ಕಾಗದದಲ್ಲೇ ಇದೆ, ಟೈಮ್ ನೋಡಿ. ನೀವೇ ಬರೆದಿದ್ದೀರಿ, ನೀವೇ ಸಾಕ್ಷಿ. ಇದರಲ್ಲಿ ಸುಳ್ಳು ಎಲ್ಲಿದೆ ತೋರಿಸಿ ನೋಡೋಣ."

 ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಅಂಚಿನಲ್ಲಿ ಬರೆದ ಫಾರಮ್ಮುಗಳನ್ನು ವೇಮಗಲ್ಲಿನಲ್ಲಿ ಅವರೇ ವಾಪಸು ತೆಗೆದುಕೊಂಡಿದ್ದರು. ಬೇಕೆಂದೇ ನಮ್ಮನ್ನು ಕರೆಸಿ ಹತ್ತು ದಿನ ಮಾಡಿದರೋ, ಆದ ತಡವನ್ನು ಆಮೇಲೆ ಬಳಸಿಕೊಂಡರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಊರೂರಿನಲ್ಲಿ ನಮ್ಮ ಜನ ಪಟ್ಟಿಗೆ ಕೈ ಹಚ್ಚದೆ ನಮ್ಮ ದಾರಿ ಕಾಯುತ್ತಾ ಕೂತಿರುತ್ತಾರೆ ಎಂಬುದು ಮಾತ್ರ ಅವರಿಗೆ ಚೆನ್ನಾಗಿ ಗೊತ್ತಿತ್ತು. ಹೇಳಿಕೊಟ್ಟವಳು ನಾನು. ಮಾಲೂರಿನವನು, ನಮ್ಮವನು ಎಂದು ನಾನು ಹರೀಶರನ್ನು ನಂಬಿದೆ. ಹೋಳೂರಿನವಳು, ನಮ್ಮ ಹುಡುಗಿ ಎಂದು ಗಂಗುಲಮ್ಮ ನನ್ನನ್ನು ನಂಬಿದರು. ಕಂಪನಿ ಇದನ್ನೇ ಒಂದು ಸರಕಿನ ಹಾಗೆ ಬಳಸಿತು.

ಗುರುತಿನ ಚೀಟಿ ಅಲ್ಲೇ ಮೇಜಿನ ಮೇಲಿಟ್ಟು ಬಂದೆ. ಒಪ್ಪಿಗೆಯ ಕಾಗದದಲ್ಲಿ, ದೂರಿದ್ದರೆ ಬರೆಯಿರಿ ಎಂದು ಒಂದು ಸಮಿತಿಯ ವಿಳಾಸ ಇತ್ತು. ಅಲ್ಲಿಗೆ ನಾಲ್ಕು ಪುಟ ಬರೆದೆ. ಬಹಳ ದಿನಗಳ ಮೇಲೆ ಉತ್ತರ ಬಂತು: ದೂರು ರೋಗಿಯಿಂದಲೇ ಬರಬೇಕು. ಗಂಗುಲಮ್ಮನ ಮುಖ ನೋಡುವ ಧೈರ್ಯವಿಲ್ಲದೆ ಅದನ್ನು ಬೀರುವಿನಲ್ಲಿಟ್ಟೆ. ಮತ್ತೆ ಮಾವು ಹೂ ಬಿಡುವವರೆಗೂ ಅದು ಅಲ್ಲೇ ಇತ್ತು. ಕೊನೆಗೊಂದು ದಿನ, ಅವರ ಪರವಾಗಿ ಕನ್ನಡದಲ್ಲಿ ದೂರು ಬರೆದುಕೊಂಡು ಬಸ್ಸು ಹತ್ತಿದೆ.

ಅವರು ಅದೇ ಜಗಲಿಯ ಮೇಲಿದ್ದರು. ಪಕ್ಕದಲ್ಲಿ ಊರುಗೋಲು. ಮಂಡಿಗೆ ಹೋಗಲಾಗದೆ ಹುಣಸೆಹಣ್ಣು ಬಿಡಿಸುತ್ತಿದ್ದರು.  ಕೆಳಗೆ ಕೂತು ಎಲ್ಲವನ್ನೂ ಹೇಳಿದೆ. ಆಪರೇಷನ್ನಿನ ದಿನ ಒತ್ತಿಸಿದ ಕಾಗದದಲ್ಲಿ, ನಾನು ನನ್ನ ಇಷ್ಟದಿಂದ ಬಿಡುತ್ತಿದ್ದೇನೆ ಎಂದು ಇತ್ತೆಂದೂ ಹೇಳಿದೆ. ಅತ್ತುಬಿಟ್ಟೆ. ಅವರು ನಾನು ಅಳುವುದು ಮುಗಿಯುವವರೆಗೂ ಹುಣಸೆಬೀಜ ತೆಗೆಯುತ್ತಲೇ ಇದ್ದರು.

"ಹಂಗಾದ್ರೆ ನನ್ನ ಕಾಲು ಅವರ ಪುಸ್ತಕದಲ್ಲಿ ಇಲ್ಲ" ಎಂದರು.

"ಇಲ್ಲಮ್ಮ. ಅದಕ್ಕೇ ಈ ದೂರು ಬರೆದು ತಂದೆ. ನೀವು ಹೆಬ್ಬೆಟ್ಟು ಹಾಕಿದ್ರೆ ಅವರು ಸೇರಿಸಲೇಬೇಕಾಗ್ತದೆ."

ಕಾಗದ ಚಾಚಿದೆ. ಅವರು ಕೈ ಮುಂದೆ ತರಲಿಲ್ಲ.

"ಲಕ್ಷ್ಮೀ, ಬಾರೇ ಇಲ್ಲಿ. ಇದರಲ್ಲೇನೈತೆ ಓದು. ಒಂದಕ್ಷರ ಬಿಡಬೇಡ."

ಲಕ್ಷ್ಮಿ ಕೈ ಒರೆಸಿಕೊಂಡು ಬಂದು ನಿಧಾನವಾಗಿ, ಬೆರಳಿಟ್ಟು ಓದಿದಳು. ನಾನು ಬರೆದದ್ದನ್ನು ಇನ್ನೊಬ್ಬರ ಬಾಯಲ್ಲಿ ಕೇಳುತ್ತಾ ತಲೆ ತಗ್ಗಿಸಿ ಕೂತೆ. ಓದು ಮುಗಿದ ಮೇಲೆ ಗಂಗುಲಮ್ಮ ನನ್ನ ಕಡೆ ತಿರುಗಿದರು.

"ಕಂಪನಿ ಹೆಸರೈತೆ. ಆವಯ್ಯನ ಹೆಸರೈತೆ. ನಿನ್ನ ಹೆಸರೆಲ್ಲಿ?"

"ನಾನು ಬರೆದುಕೊಟ್ಟೋಳು ಅಮ್ಮ..."

"ಬಿಚ್ಚಬೇಡ ಅಂತ ಫೋನಲ್ಲಿ ಹೇಳಿದ್ದು ಯಾರು? ಆವಯ್ಯನಾ?"

"ಅಲ್ಲಮ್ಮ. ನಾನು."

"ಹಂಗಾದ್ರೆ ಅದನ್ನೂ ಬರಿ. ಅವರು ನನ್ನ ಕಾಲು ಬಿಟ್ಟು ಬರೆದ್ರು, ನೀನು ನಿನ್ನ ಬಿಟ್ಟು ಬರೆದಿದೀಯ. ನನ್ನದು ಒಂದು ಕಡೆಯಾದ್ರೂ ಪೂರ್ತಿ ಇರಲಿ."

ಅಂಚಿನಲ್ಲಿ ಜಾಗವಿತ್ತು, ಅಲ್ಲಿ ಬರೆಯಲಿಲ್ಲ. ಹೊಸ ಹಾಳೆ ಕೇಳಿ ಇಸಕೊಂಡು ಮೊದಲಿನಿಂದ ಬರೆದೆ. ನನ್ನ ಹೆಸರು, ತಂದೆಯ ಹೆಸರು, ಊರು ಹೋಳೂರು, ಬೇರೆ ಯಾರೂ ಮುಟ್ಟಬಾರದೆಂದು ಹೇಳಿಕೊಟ್ಟವಳು, ಒಂಬತ್ತನೆಯ ದಿನ ಬಿಚ್ಚಬೇಡಿ ಎಂದವಳು, ಓದದೆ ಹೆಬ್ಬೆಟ್ಟು ಒತ್ತಿಸಿದವಳು. ಲಕ್ಷ್ಮಿ ಅದನ್ನೂ ಓದಿದಳು. ಗಂಗುಲಮ್ಮ ಇನ್ನೊಂದು ಸಲ ಓದಿಸಿದರು. ಆಮೇಲೆ ಹುಣಸೆಯ ಅಂಟನ್ನು ಸೀರೆಗೆ ಒರೆಸಿಕೊಂಡು ಹೆಬ್ಬೆಟ್ಟು ಒತ್ತಲು ಕೈ ಚಾಚಿದರು, ನನ್ನ ಕಡೆಗಲ್ಲ, ಲಕ್ಷ್ಮಿಯ ಕಡೆಗೆ.